ಅಂತೆ

ತಮ್ಮನ ಪಾಲಿಗೆ ಬಂದದ್ದು ಕುಷ್ಠ, ಹುಣ್ಣು, ಗೋಡೆಯ ಬೂಷ್ಟು.
ಹುಟ್ಟಿದ ವಾರಕ್ಕೆ ತೋರಾದಲ್ಲಿ ಯಾವ ಪಾಠವೋ ಅದೇ.
ಕಡಲು ಸೀಳುವ ವಾರ ಯಾಕೆ ಹೆರಲಿಲ್ಲ ಎಂದು
ಅಬ್ನೇರ್ ಮೂರು ದಿನ ಅಮ್ಮನ ಮೇಲೆ ಮುನಿಸಿಕೊಂಡ.

ಕಾಕ್ಸ್‌ಟೌನಿನ ಈ ಬಾಡಿಗೆ ಮನೆಯಲ್ಲಿ
ಅವನ ಕೋಣೆಗೂ ಅಡುಗೆಮನೆಗೂ ಒಂದೇ ಗೋಡೆ,
ಅದರಲ್ಲೊಂದು ಕಲೆ. ಹಸಿರು, ಅಂಚಿಗೆ ಕೆಂಪು.
ಓನರ್ ಮುನಿರತ್ನಮ್ಮನ ಪ್ರಕಾರ
ನೀರು ಪೈಪಿನದಂತೆ, ಪೈಪು ಪಕ್ಕದವರದಂತೆ,
ಪಕ್ಕದವರು ದುಬೈಯಲ್ಲಂತೆ.

ಎಂಟು ತಿಂಗಳು ಆ ಗೋಡೆಯಾಚೆ
ಬಲದಿಂದ ಎಡಕ್ಕೆ ಬೆರಳು ಸರಿಸುತ್ತಾ ಅವನು ಹಾಡಿದ.
ಈಚೆ ನಾನು ಈರುಳ್ಳಿ ಹೆಚ್ಚಿದೆ.
ಗಂಟಲು ಆಗಲೇ ಎರಡು ಮನಸ್ಸಿನದು:
ಸಾಲು ಹತ್ತುವಾಗ ಹುಡುಗ,
ಇಳಿಯುವಾಗ ಹಳೇ ಬಜಾಜ್ ಸ್ಕೂಟರು.
ನನಗೆ ಹದಿಮೂರಾದಾಗ
(ಹೆಣ್ಣಿಗೆ ಹನ್ನೆರಡಕ್ಕೇ ಆಗಬೇಕಿತ್ತಂತೆ)
ಒಂದು ಪೈನಾಪಲ್ ಕೇಕು ಬಂತು, ಮೇಲೆ ನನ್ನ ಹೆಸರು ತಪ್ಪಾಗಿ.

ಈ ಊರಲ್ಲಿ ನಮಗೆ ಸಿನಗಾಗ್ ಇಲ್ಲ.
ಮೈಸೂರು ರಸ್ತೆಯಲ್ಲಿ ಸಮಾಧಿಗಳಿವೆ, ಅಷ್ಟೆ.
ಅಜ್ಜ ಅಲ್ಲೇ, ಬಸ್ಸುಗಳಿಗೆ ಕಿವಿಗೊಟ್ಟು.
ಸುರುಳಿ ಪುಣೆಯಿಂದ ಬಂತು, ಹಾಯಿಮ್ ಮಾಮಾ ಜೊತೆ,
ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ. ಕೆಳಗಿನ ಬರ್ತು ಅದಕ್ಕೆ.
ಮಾಮಾ ರಾತ್ರಿಯಿಡೀ ಅದರ ಕಾಲಬುಡದಲ್ಲಿ ಕೂತಿದ್ದರಂತೆ.
ಗುಂತಕಲ್ಲಲ್ಲಿ ಟಿಸಿ ಕೇಳಿದನಂತೆ, "ಪೇಶಂಟಾ?"
"ಹೂಂ, ತುಂಬ ವಯಸ್ಸಾದವರು."

ಹಾಲ್ ಖಾಲಿ ಮಾಡಿದೆವು: ಬೀರು, ಟೀವಿ,
ಹೊಲಿಗೆ ಮಿಷನ್ನು, ಎಲ್ಲ ವರಾಂಡಕ್ಕೆ.
ಶಾಸ್ತ್ರವೂ ಹಾಗೇ: ಕಲೆ ನೋಡಲು ಯಾಜಕ ಬರುವ ಮುಂಚೆ
ಮನೆ ತೆರವಾಗಬೇಕು, ಇಲ್ಲದಿದ್ದರೆ ಪಾತ್ರೆ ಪಡಗಕ್ಕೂ ಮೈಲಿಗೆ.

ಹತ್ತು ಗಂಡಸರು ಬೇಕು. ನಮ್ಮಲ್ಲಿ ತಲೆ ಎಣಿಸಬಾರದು.
ಅಜ್ಜಿ ಸೀಮಾಬಾಯಿ ಬಾಗಿಲಲ್ಲಿ ಚಪ್ಪಲಿ ಎಣಿಸಿದಳು,
ಅಬ್ನೇರನ ಹೊಸ ಜೋಡಿಯೂ ಸೇರಿ.
ಹತ್ತೊಂಬತ್ತು.
ಇನ್ನೊಂದನ್ನು ಬೀದಿನಾಯಿ ಒಯ್ದಿತ್ತು.

ನಾನು ಮಲೀದಾ ಕಲಸುತ್ತಿದ್ದೆ:
ನೆನೆದ ತೆಳು ಅವಲಕ್ಕಿ, ಕಾಯಿತುರಿ, ಬೆಲ್ಲ,
ಏಲಕ್ಕಿ ಬಾಳೆ, ರಸೆಲ್ ಮಾರ್ಕೆಟ್ಟಿನ ಖರ್ಜೂರ.
ಆಚೆ, ಅಜ್ಜನ ಶಾಲು ಮೊಣಕಾಲಿಗೆ ಇಳಿಬಿದ್ದು,
ಅವನ ದನಿ ಏರಿತು, ಏರಿತು,
ನಿಂತುಬಿಟ್ಟಿತು.
ಸುರುಳಿಯಲ್ಲಿ ಸ್ವರಗಳಿರುವುದಿಲ್ಲ, ಬರೀ ಅಕ್ಷರಗಳ ಮೂಳೆ.
ಮುಂದಿನ ಪದ ಗೊತ್ತಿದ್ದ ಮಾಮಾ ಕನ್ನಡಕ ತಡಕುತ್ತಿದ್ದರು.
ಕೈತುಂಬ ಬೆಲ್ಲ, ಬಾಯಿ ತಾನಾಗಿ ತೆರೆಯಿತು:
"ಕೆನೆಗಾ."
ಗೋಡೆ ದಾಟಿ ಹೋಯಿತು. ಸ್ಕೂಟರು ಸ್ಟಾರ್ಟಾಯಿತು.
ಯಾರೂ ಈಚೆ ತಿರುಗಲಿಲ್ಲ.
ಅಜ್ಜಿ ಬಂದು ನನ್ನ ಹಣೆಯ ಕೂದಲು ಹಿಂದಕ್ಕೆ ಸರಿಸಿ ಹೋದಳು.

ಮುನಿರತ್ನಮ್ಮ ಬಾಗಿಲಲ್ಲಿ ನಿಂತಿದ್ದಕ್ಕೆ
ಭಾಷಣ ಕನ್ನಡದಲ್ಲೇ ಆಯಿತು.
"ಮನೆಯವನು ಯಾಜಕನಿಗೆ 'ಕಲೆ ಇದೆ' ಅನ್ನುವ ಹಾಗಿಲ್ಲ.
ಎಷ್ಟೇ ಓದಿಕೊಂಡವನಾಗಲಿ,
'ಕಲೆಯಂತೆ ಏನೋ ಕಾಣುತ್ತಿದೆ' ಅನ್ನಬೇಕು.
ಬಂದು ನೋಡುವ ತನಕ ಗೋಡೆಗೂ ಅಷ್ಟು ಮರ್ಯಾದೆ.
ಮನುಷ್ಯರ ಬಗ್ಗೆ ಮಾತಾಡುವಾಗ ನಾವು..."
ಅಲ್ಲಿಗೆ ಕಾಗದ ಮಡಚಿದ, ಇನ್ನೂ ಅರ್ಧ ಪುಟ ಇತ್ತು.
ಪೆಪ್ಪರ್‌ಮಿಂಟ್ ಸುರಿದವು.
ಒಂದು ಮಾಮಾನ ಸಿಕ್ಕಿದ ಕನ್ನಡಕಕ್ಕೇ ತಗುಲಿತು.

ಮಲೀದಾ ಬಟ್ಟಲು ಹಿಡಿದೇ ಮುನಿರತ್ನಮ್ಮ
ಅಡುಗೆಮನೆಗೆ ಬಂದರು, ಗೋಡೆ ಮುಟ್ಟಿದರು, ಬೆರಳು ಮೂಸಿದರು.
"ಏನೋ ಇದ್ದಂಗೈತೆ," ಅಂದರು.
ಇನ್ನೊಂದು ಚಮಚ ತಿಂದು,
"ಇದ್ದಂಗೈತೆ ಕಣಮ್ಮ."

ಮೂರು ಚುಕ್ಕಿ ಮೂಡಿದ ಮೇಲೆ ಬೀರು ಒಳಗೆ ತಂದೆವು,
ಒಂದು ತುದಿ ನಾನು, ಒಂದು ತುದಿ ಅವನು.
"ಮೆಲ್ಲಗೆ, ಅಕ್ಕಾ," ಅಂದ.
ಆ 'ಕ್ಕಾ' ನಡುವೆಯೇ ಒಡೆದು ಎರಡಾಯಿತು.
ಇವತ್ತಿನಿಂದ ಇವನು
ಗಂಡಸಂತೆ.